ಕಥೆಯವನಿಗೆ ಹಾಕಿದ ಎಲೆ

ಕಥೆ ಬರೆಯಬೇಕೆಂಬ ಹುಚ್ಚು ಹತ್ತಿದವರು ಈಗಲೂ ಆಗಾಗ ನನ್ನ ಬಾಗಿಲು ತಟ್ಟುತ್ತಾರೆ. ಪಾತ್ರಕ್ಕೆ ಜೀವ ಬರಲು ಏನು ಉಪಾಯ ಎಂದು ಕೇಳುತ್ತಾರೆ. ನಾನು ಮೂರು ಮಾತು ಹೇಳಿ, ಚಹಾ ಕುಡಿಸಿ ಕಳಿಸುತ್ತೇನೆ. ನನ್ನ ಮಾಸ್ತರು ನನಗೆ ಹೇಳಿದ್ದು ನಾಲ್ಕು. ನಾಲ್ಕನೆಯದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಜಿಪುಣತನದಿಂದ ಅಲ್ಲ, ಅಂಜಿಕೆಯಿಂದ.

ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳು ಅವು. ಧಾರವಾಡದಲ್ಲಿ ನಾನು ಕಾಲೇಜು ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಮರ್ಯಾದೆಯ ಮಾತು, ಕಥೆ ಗೀಚುತ್ತಿದ್ದೆ. ಗೀಚಿದ್ದನ್ನು ರವಿವಾರ ಸಂಜೆ ಮಾಸ್ತರ ಮನೆಗೆ ಒಯ್ದು ಓದುತ್ತಿದ್ದೆ. ಅವರು ಕನ್ನಡ ಸಾಲೆಯಿಂದ ನಿವೃತ್ತರಾದವರು. ತಾವು ಒಂದು ಸಾಲೂ ಅಚ್ಚು ಹಾಕಿಸಿದವರಲ್ಲ, ಆದರೆ ಬೇರೆಯವರ ಕಥೆಯಲ್ಲಿ ಸುಳ್ಳು ಎಲ್ಲಿದೆ ಎಂಬುದು ಅವರ ಕಿವಿಗೆ ಗೊತ್ತಾಗುತ್ತಿತ್ತು. ಕಣ್ಣು ಮುಚ್ಚಿ ಕೇಳುತ್ತಿದ್ದರು. ಬೇಸರ ಬಂದರೆ ನಶ್ಯದ ಡಬ್ಬಿ ತೆಗೆಯುತ್ತಿದ್ದರು. ಮೊದಲ ವರ್ಷ ನನ್ನ ಕಥೆಗಳಿಂದ ಅವರ ನಶ್ಯದ ಖರ್ಚು ಬಹಳ ಏರಿತು.

ಅವರು ಕೊಟ್ಟ ಸಾಧನಗಳು ಸಾದಾ. ಸೊಂಟದಲ್ಲಿ ಸದಾ ಒಂದು ಚಿಕ್ಕ ವಹಿ, ಮೊಂಡು ಪೆನ್ಸಿಲ್ಲು. ಮಂದಿ ಆಡಿದ್ದನ್ನು ಆಡಿದ ಹಾಗೇ ಬರೆದುಕೊಳ್ಳಬೇಕು, ನಮ್ಮ ಬುದ್ಧಿವಂತಿಕೆ ಸೇರಿಸಬಾರದು. ಇದಕ್ಕಾಗಿ ನಾನು ಗಾಡಿ ಹತ್ತಿ ಹುಬ್ಬಳ್ಳಿಗೆ ಹೋಗಿ ದುರ್ಗದಬೈಲಿನ ಪೇಟೆಯಲ್ಲಿ ಬದನೆಕಾಯಿಯ ಧಾರಣೆ ಕೇಳುತ್ತ ಗಂಟೆಗಟ್ಟಲೆ ನಿಲ್ಲುತ್ತಿದ್ದೆ, ಒಂದೂ ಕೊಳ್ಳದೆ ಬೈಸಿಕೊಳ್ಳುತ್ತಿದ್ದೆ. ಎರಡನೆಯದು, ಮಾತು ಬರೆದ ಮೇಲೆ ಆಡಿದವರ ಹೆಸರನ್ನು ಅಂಗೈಯಿಂದ ಮುಚ್ಚಬೇಕು. ಮಾತಿನಿಂದಲೇ ಆಳು ಗೊತ್ತಾಗದಿದ್ದರೆ ಹರಿದು ಒಗೆಯಬೇಕು. ಮೂರನೆಯದು, ಬರೆದದ್ದನ್ನು ಅಡ್ಡಾಡುತ್ತ ಗಟ್ಟಿಯಾಗಿ ಓದಬೇಕು. ಉಸಿರು ಸಿಕ್ಕಿಕೊಂಡ ಕಡೆ ಕತ್ತರಿಸಬೇಕು. ಕಾಗದ ಸಿಗದ ಕಾಲ, ಹಳೆಯ ಪರೀಕ್ಷೆಯ ಪೇಪರುಗಳ ಹಿಂಬದಿಯ ಮೇಲೆ ಬರೆಯುತ್ತಿದ್ದೆ. ಯಾರದೋ ನಪಾಸಾದ ಗಣಿತದ ಬೆನ್ನಿಗೆ ನನ್ನ ಕಥೆ.

ಆಗ ನಾನು ಕಟ್ಟುತ್ತಿದ್ದ ಕಥೆ ಛತ್ರಿ ರಿಪೇರಿ ಮಾಡುವವನದು. ಹದಿನೈದು ವರ್ಷ ದೇಶ ತಿರುಗಿದವನು ಹುಬ್ಬಳ್ಳಿಯ ತನ್ನ ಮನೆಗೆ ಮರಳುತ್ತಾನೆ. ಯಾರಿಗೂ ಗುರುತು ಹತ್ತುವುದಿಲ್ಲ. ದಾರಿಹೋಕನೆಂದು ತಿಳಿದು ಹೆತ್ತ ತಾಯಿಯೇ ಅವನಿಗೆ ಊಟಕ್ಕೆ ಬಡಿಸುತ್ತಾಳೆ. ಕಥೆಯ ಮೈ ಚೆನ್ನಾಗಿತ್ತು, ಆದರೆ ಆ ಮನುಷ್ಯ ಮಾತ್ರ ಮೇಣದ ಹಾಗೆ ಕೂತುಬಿಟ್ಟಿದ್ದ. ಮಾಸ್ತರು ಎರಡು ಸಲ ನಶ್ಯ ಏರಿಸಿ ನಾಲ್ಕನೆಯದನ್ನು ಹೇಳಿದರು.

"ಊಟಕ್ಕ ಕೂತಾಗ ನಿನ್ನ ಬಾಜೂಕ ಅವಂದೊಂದು ಎಲಿ ಹಾಕು. ಏನ ಉಣ್ತಾನ, ಏನ ಬಿಡ್ತಾನ, ನೋಡು. ಹಸಿವಿ ಇಲ್ಲದಾಂವ ಕತ್ಯಾಗ ಬಾಳೂದಿಲ್ಲ."

ಅವರು ಇನ್ನೂ ಏನೋ ಹೇಳುತ್ತಿದ್ದರು. ನಾನು ಅಷ್ಟರಲ್ಲೇ ಚಪ್ಪಲಿ ಮೆಟ್ಟಿದ್ದೆ. ಅರ್ಧ ಕೇಳಿ ಓಡುವುದು ನನ್ನ ಹುಟ್ಟುಗುಣ.

ಮನೆಯಲ್ಲಿದ್ದವರು ನಾನು ಮತ್ತು ಅವ್ವ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ನನಗಿಂತ ಆರು ವರ್ಷಕ್ಕೆ ದೊಡ್ಡವನಾದ ಅಣ್ಣ ರೇಲ್ವೆ ಕಾರಖಾನೆಯ ಕೆಲಸ ಬಿಟ್ಟು ಪಲ್ಟನ್ನು ಸೇರಿದ್ದ, ಮೋಟಾರು ದುರಸ್ತಿಯವನಾಗಿ. ಬರ್ಮಾದ ಕಡೆ ಇದ್ದಾನೆಂದು ಮಾತ್ರ ಗೊತ್ತಿತ್ತು. ಎಂಟು ತಿಂಗಳಿಂದ ಅವನ ಕಾಗದ ಇರಲಿಲ್ಲ. ಅವ್ವ ದಿನಾ ಟಪಾಲಿನವನು ಬರುವ ಹೊತ್ತಿಗೆ ಕಟ್ಟೆಗೆ ಬಂದು ಕೂಡುತ್ತಿದ್ದಳು. ಅವನು ಮುಂದೆ ಹೋದ ಮೇಲೆ ಎದ್ದು ಒಳಗೆ ಹೋಗುತ್ತಿದ್ದಳು. ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ. ನನ್ನ ಛತ್ರಿಯವನಿಗೂ ಅಣ್ಣನಿಗೂ ಸಂಬಂಧವಿದೆ ಎಂದು ಆಗ ಯಾರಾದರೂ ಅಂದಿದ್ದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ಅಷ್ಟು ದಡ್ಡ.

ಮರುದಿನ ಮುಂಜಾನೆ ಹತ್ತಕ್ಕೆ, ಕಾಲೇಜಿಗೆ ಹೋಗುವ ಮುನ್ನ, ನನ್ನ ಪತ್ರಾವಳಿಯ ಪಕ್ಕಕ್ಕೆ ಇನ್ನೊಂದು ಹಾಸಿಕೊಂಡು ಕೂತೆ. ಅವ್ವ ಸಾರಿನ ಪಾತ್ರೆ ಹಿಡಿದು ಬಂದವಳು ಅಲ್ಲೇ ನಿಂತಳು.

"ಯಾರು ಬರಾವ್ರದಾರ?"

"ಯಾರೂ ಇಲ್ಲ. ನನ್ನ ಕತಿಯಾಂವ. ಮಾಸ್ತರು ಹೇಳ್ಯಾರ, ಹಿಂಗ ಮಾಡಿದ್ರ ಪಾತ್ರ ಕಣ್ಣಿಗೆ ಕಟ್ಟತದಂತ."

ಅವ್ವ ಬಹಳ ಹೊತ್ತು ಆ ಎಲೆಯನ್ನೇ ನೋಡಿದಳು. ಕೂಡುವವರಿಲ್ಲದೆ ಎಲೆ ಹಾಕುವುದು ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಮಾತ್ರ, ಅಪ್ಪನ ಶ್ರಾದ್ಧದ ದಿನ. ಅದು ನನಗೆ ಗೊತ್ತಿರಲಿಲ್ಲವೆಂದಲ್ಲ, ಹೊಳೆಯಲಿಲ್ಲ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ಹಾಕಿದ ಎಲಿ ಖಾಲಿ ಇಡಬಾರ್ದು," ಎಂದು ಬಡಿಸಿಬಿಟ್ಟಳು. ಉಪ್ಪಿನಿಂದ ಹಿಡಿದು ಮಜ್ಜಿಗೆಯವರೆಗೆ ಎಲ್ಲ, ಕ್ರಮವಾಗಿ. ಜೋಳ ರೇಶನ್ನಿನ ಕಾಲ. ಆ ಎಲೆಗೆ ಹಾಕಿದ ಭಕ್ಕರಿ ಅವಳ ಪಾಲಿನ ರೊಟ್ಟಿ.

ನಾನು ಉಂಡು ಏಳಹೋದೆ. ಅವ್ವ ತಡೆದಳು.

"ಕೂಡು. ಅವಂದು ಇನ್ನೂ ಮುಗದಿಲ್ಲ."

ಪಂಕ್ತಿಯಲ್ಲಿ ಕೂತವರೆಲ್ಲರ ಊಟ ಮುಗಿದು, ಕೊನೆಯ ಗುಟುಕು ನೀರು ಕುಡಿಯುವ ತನಕ ಯಾರೂ ಏಳಬಾರದು. ನಮ್ಮಲ್ಲಿ ಇದನ್ನು ಚಿಕ್ಕಂದಿನಿಂದ ತಲೆಗೆ ಮೊಟಕಿ ಕಲಿಸಿರುತ್ತಾರೆ. ಚೇಷ್ಟೆ ಮಾಡುತ್ತಿದ್ದಾಳೆಂದು ನಕ್ಕೆ. ಅವ್ವ ನಗಲಿಲ್ಲ. ಒಲೆಯ ಕಡೆಗೆ ಮುಖ ಮಾಡಿ ಕೂತಳು. ಎಂಜಲ ಕೈ ಒಣಗುತ್ತ ಬಂತು. ಸ್ವಲ್ಪ ಹೊತ್ತಿಗೆ, ತಿರುಗಿ ನೋಡದೆಯೇ, "ಹೂಂ, ಈಗ ಆತು, ಏಳು," ಎಂದಳು.

ಮರುದಿನ ನಾನು ಹೇಳದೆಯೇ ಎರಡು ಎಲೆ ಬಿದ್ದಿದ್ದವು. ಅದರ ಮರುದಿನವೂ. ಪಕ್ಕದಲ್ಲಿ ಕೂತ ಹಾಗೆ ಆ ಮನುಷ್ಯ ಮೂಡತೊಡಗಿದ. ನಾನು ಬೇಕೆಂದೇ ಕಣ್ಣು ಕೆಳಗೆ ಹಾಕಿ ಉಣ್ಣುತ್ತಿದ್ದೆ, ಓರೆಗಣ್ಣಿನಿಂದ ಪಕ್ಕಕ್ಕೆ ನೋಡುತ್ತಿದ್ದೆ, ಎಡಗೈಯಿಂದ ವಹಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಶೇಂಗಾ ಚಟ್ನಿ ಬೇಕು ಇವನಿಗೆ. ಪಲ್ಯ ಕಡೆಗೆ. ಮಜ್ಜಿಗೆಯನ್ನು ಎರಡು ಸಲ ಕೇಳುವವನು. ಐದನೆಯ ದಿನವೋ ಆರನೆಯ ದಿನವೋ ನೋಡುತ್ತೇನೆ, ಆ ಎಲೆಯ ಮೇಲಿನ ಭಕ್ಕರಿಯ ಅಂಚು ಸುತ್ತಲೂ ಮುರಿದಿತ್ತು. ನಡುವಿನ ದುಂಡನೆಯ ತುಂಡು ಮಾತ್ರ ಉಳಿದಿತ್ತು.

ಅವ್ವ ಒಲೆಯ ಹತ್ತಿರ ಇದ್ದಳು. ಬಡಿಸುವಾಗಲೇ ಹಾಗಿತ್ತೋ ಏನೋ ನಾನು ನೋಡಿರಲಿಲ್ಲ. ಅಂಚನ್ನೆಲ್ಲ ಮೊದಲು ತಿಂದು, ಮೆತ್ತಗಿನ ನಡುವನ್ನು ಕಡೆಗೆ ಇಟ್ಟುಕೊಳ್ಳುವವನು ನಮ್ಮ ಮನೆಯಲ್ಲಿ ಒಬ್ಬನೇ ಇದ್ದ, ಅಣ್ಣ. ಆಗ ನಾನು ಏನು ಮಾಡಬೇಕಿತ್ತು? ಎಲೆ ಮಡಿಸಿ, ಅವ್ವನ ಕೈ ಹಿಡಿದು ಸಾಕು ಅನ್ನಬೇಕಿತ್ತು. ನಾನು ವಹಿ ತೆಗೆದು, ಅಂಚು ಮೊದಲು, ನಡು ಕಡೆಗೆ, ಎಂದು ಬರೆದುಕೊಂಡೆ. ಬರೆಯುವಾಗ ಖುಷಿಯಾಗಿತ್ತು. ನಾಚಿಕೆಗೇಡಿ ಖುಷಿ ಅದು, ಆದರೆ ಆಗಿದ್ದು ಖರೆ.

ಊಟವಾದ ಮೇಲೆ ಅವ್ವ ಆ ಎಲೆಯನ್ನು ಹಿತ್ತಲ ಗೋಡೆಯ ಮೇಲೆ ಇಡುತ್ತಿದ್ದಳು. ಗೋಡೆಗುಂಟ ಕಾಗೆಗಳು ಬಂದು ಕೂಡುತ್ತಿದ್ದವು. ಕೂಡುತ್ತಿದ್ದವು ಅಷ್ಟೇ. ಒಂದೂ ಬಾಯಿ ಹಾಕುತ್ತಿರಲಿಲ್ಲ. ಸಂಜೆಗೆ ಇರುವೆ ಹತ್ತಿದ ಅನ್ನವನ್ನು ಅವ್ವ ಗಿಡದ ಬುಡಕ್ಕೆ ಸುರಿಯುತ್ತಿದ್ದಳು. ಟಪಾಲಿನವನ ಹೊತ್ತಿಗೆ ಕಟ್ಟೆಗೆ ಬರುವುದನ್ನು ಅವಳು ನಿಲ್ಲಿಸಿದ್ದು ನನ್ನ ಲಕ್ಷ್ಯಕ್ಕೆ ಬಂದದ್ದು ಆಗಲೇ. ತಡೆಯಲಾರದೆ ಕೇಳಿದೆ.

"ಅವ್ವಾ, ಗ್ವಾಡಿ ಮ್ಯಾಲ ಯಾಕ ಇಡತಿ?"

"ಕಾಗಿ ಮುಟ್ಟೂದಿಲ್ಲ, ನೋಡೀಯೇನು? ಇಷ್ಟ ದಿನಾ ಆತು, ಒಂದರೆ ಮುಟ್ಟೇದೇನು? ಸತ್ತಾವ್ರ ಅನ್ನ ಆಗಿದ್ರ ಬಿಡ್ತಿದ್ದುವೇನು?" ಎಂದು ಅವ್ವ ಬಹಳ ದಿನಗಳ ಮೇಲೆ ನಕ್ಕಳು. "ಅಂವ ಅದಾನ."

ಕಾಗೆ ಮುಟ್ಟದಿರುವುದಕ್ಕೆ ಇನ್ನೊಂದು ಅರ್ಥವೂ ಇದೆ. ಹೋದವನ ಆಸೆ ತೀರದೆ ಉಳಿದಿದ್ದರೂ ಅದು ಮುಟ್ಟುವುದಿಲ್ಲ. ನನಗೆ ಗೊತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲವೇ?

ಕಥೆ ಹದಿನೆಂಟು ದಿನಕ್ಕೆ ಮುಗಿಯಿತು. ತಾಯಿ ಬಡಿಸುತ್ತ ಬಡಿಸುತ್ತ ಅವನು ಭಕ್ಕರಿ ಮುರಿಯುವ ರೀತಿಯಿಂದ ಗುರುತು ಹಿಡಿಯುತ್ತಾಳೆ. ಏನೂ ತೋರಗೊಡದೆ ತುಪ್ಪ ತರಲು ಒಳಗೆ ಹೋಗುತ್ತಾಳೆ. ಮರಳಿ ಬಂದರೆ ಅರ್ಧ ಉಂಡ ಎಲೆ ಇದೆ, ಅವನಿಲ್ಲ. ಅಲ್ಲಿಗೆ ನಿಲ್ಲಿಸಿದ್ದೆ. ಆ ಕೊನೆಯ ಬಗ್ಗೆ ನನಗೆ ಎಷ್ಟು ಸೊಕ್ಕಿತ್ತೆಂದರೆ ಮಾಸ್ತರ ಮನೆಯ ದಾರಿಯುದ್ದಕ್ಕೂ ಅದನ್ನೇ ಗಟ್ಟಿಯಾಗಿ ಹೇಳಿಕೊಳ್ಳುತ್ತ ಹೋದೆ.

ಅಂದು ಮಾಸ್ತರು ನಶ್ಯದ ಡಬ್ಬಿ ಮುಟ್ಟಲಿಲ್ಲ. ಓದಿ ಮುಗಿಸಿದಾಗ ಕಣ್ಣು ತೆರೆದೇ ಇದ್ದರು.

"ಆ ಭಕ್ರಿ ಮುರಿಯೂದು ಯಾರದು?"

"ಯಾರದೂ ಅಲ್ರೀ. ಎಲಿ ಮ್ಯಾಲ ಕಂಡದ್ದು."

"ಖಾಲಿ ಎಲಿ ಮ್ಯಾಲ ಭಕ್ರಿ ಎಲ್ಲಿಂದ ಬಂತು?"

ಎಲ್ಲ ಹೇಳಿದೆ. ಅಣ್ಣನದನ್ನೂ, ಕಾಗೆಯದನ್ನೂ. ಮಾಸ್ತರ ಮುಖ ಬಿಳಿಚಿಕೊಂಡಿತು.

"ನಾ ಹೇಳಿದ್ದು ಖಾಲಿ ಎಲಿ. ಮನಸಿನ್ಯಾಗ ಬಡಸು, ಅನ್ನಾ ಹಾಕಬ್ಯಾಡ ಅಂತ ಹೇಳೂದ್ರೊಳಗ ನೀ ಓಡಿದಿ. ಆತು, ಇನ್ನರೆ ಕೇಳು. ಆ ಕೊನೀ ಹೊಡದ್ಹಾಕು. ಅಂವ ಹೊಟ್ಟಿತುಂಬ ಉಣ್ಣಲಿ, ನೀರು ಕುಡೀಲಿ, ತಾಯಿಗೆ ಹೇಳಿ ಹೋಗಲಿ. ಅರ್ಧಾ ಊಟದಾಗ ಎಬ್ಬಿಸಬ್ಯಾಡ."

"ಕತಿ ಸಪ್ಪಗ ಆಗತದರೀ."

"ಆಗಲಿ."

ನಾನು ಕೇಳಲಿಲ್ಲ. ಮರುದಿನವೇ ಹುಬ್ಬಳ್ಳಿಗೆ ಹೋಗಿ, ಅಲ್ಲಿಯ ಒಂದು ಮಾಸಪತ್ರಿಕೆಯ ಕಚೇರಿಯಲ್ಲಿ ಕಥೆಯನ್ನು ಇದ್ದ ಹಾಗೇ ಕೊಟ್ಟು ಬಂದೆ. ವಾಪಸು ಬರುವಾಗ ಗಾಡಿಯ ಕಿಟಕಿಯಿಂದ ಉಣಕಲ್ ಕೆರೆ ಕಂಡಿತು. ಮುದುಕರಿಗೆ ಏನು ತಿಳಿಯುತ್ತದೆ ಎಂದು ಮನಸ್ಸಿನಲ್ಲೇ ಮಾಸ್ತರನ್ನು ಬೈದೆ.

ಎರಡು ತಿಂಗಳ ಮೇಲೆ ಪತ್ರಿಕೆ ಬಂತು. ಅಂದು ರಜೆ. ಟಪಾಲಿನವನ ಕೈಯಿಂದ ಇಸಿದುಕೊಂಡು, ಅಚ್ಚಿನಲ್ಲಿ ನನ್ನ ಹೆಸರನ್ನು ನಾಲ್ಕು ಸಲ ನೋಡಿ, ಗೋಡೆಯ ಮಾಡದಲ್ಲಿಟ್ಟು ಊಟಕ್ಕೆ ಕೂತೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಕಥೆ ಏನು, ಹೇಗೆ ಮುಗಿಯುತ್ತದೆ ಎಂದು ನಾನು ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ಎರಡು ಎಲೆಗೂ ಬಡಿಸಿದಳು. ಉಂಡೆ. ಏಳಲು ಅಪ್ಪಣೆಗಾಗಿ ಕಾದೆ. ಅಪ್ಪಣೆ ಬರಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಬೆಳಕಿಂಡಿಯ ಬಿಸಿಲು ಅಡಿಗೆಮನೆಯ ನೆಲ ದಾಟಿ ಗೋಡೆ ಏರಿತು. ಕೈ ಒಣಗಿ ಬಿರಿಯುತ್ತಿತ್ತು.

"ಅವ್ವಾ, ಸಾಕಿನ್ನ."

"ಹೆಂಗ ಸಾಕು?" ಎಂದಳು. "ಇವತ್ತ ಅಂವ ಅರ್ಧಕ್ಕ ನಿಂತಾನ. ಉಣವಲ್ಲ, ಏಳವಲ್ಲ. ಯಾಕಂತ ನನಗ ತಿಳೀವಲ್ದು."

ಪಕ್ಕದ ಎಲೆ ನೋಡಿದೆ. ಭಕ್ಕರಿಯ ಅಂಚು ಅರ್ಧ ಸುತ್ತು ಮುರಿದಿತ್ತು. ಉಳಿದರ್ಧ ಹಾಗೇ ಇತ್ತು. ನನಗೆ ಅಂಥ ಹೆದರಿಕೆ ಮುಂದೆ ಎಂದೂ ಆಗಿಲ್ಲ. ಕೂತಲ್ಲಿಂದಲೇ ಎಡಗೈ ಚಾಚಿ ಮಾಡದಲ್ಲಿದ್ದ ಪತ್ರಿಕೆ ಎಳೆದುಕೊಂಡೆ.

"ಅವನ ಕತಿ ಅಚ್ಚಾಗೇದ. ಓದ್ತೇನಿ, ಕೇಳು," ಎಂದೆ.

ಅವ್ವ ಬಂದು ಎರಡು ಎಲೆಗಳ ಎದುರಿಗೆ ಕೂತಳು. ಓದಿದೆ. ತುಪ್ಪಕ್ಕೆ ಒಳಗೆ ಹೋದ ತಾಯಿ ಮರಳಿ ಬರುವ ಸಾಲಿಗೆ ಬಂದಾಗ ಪುಟ ಹಾಗೇ ಹಿಡಿದುಕೊಂಡು, ಅಲ್ಲಿಲ್ಲದ್ದನ್ನು ಓದತೊಡಗಿದೆ. ತಾಯಿ ಬಂದು ತುಪ್ಪ ಬಡಿಸಿದಳು. ಅವನು ಉಳಿದ ಅಂಚು ಮುರಿದು ತಿಂದ, ನಡುವನ್ನೂ ತಿಂದ. ಎರಡು ಸಲ ಮಜ್ಜಿಗೆ ಹಾಕಿಸಿಕೊಂಡ. ವಹಿ, ಪೆನ್ಸಿಲ್ಲು ಯಾವ ಸಾಧನವೂ ಇಲ್ಲದೆ, ಮಾಸ್ತರು ಹೇಳಿದ ಸಪ್ಪಗಿನ ಕೊನೆಯನ್ನು ಬಾಯಿಂದಲೇ ಕಟ್ಟುತ್ತ ಹೋದೆ. ಉಸಿರು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.

"ನೀರು ಕುಡದನೇನು?" ಅವ್ವ ಕೇಳಿದಳು.

"ಕುಡದ."

"ಹೇಳಿ ಹೋದನೇನು?"

"ಹೋಗಿಬರ್ತೇನವ್ವಾ ಅಂತ ಹೇಳಿ ಹೋದ."

ಅವ್ವ ಆ ಎಲೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಗೋಡೆಯ ಮೇಲೆ ಅದನ್ನು ಇಟ್ಟ ಸಪ್ಪಳ ನನಗೆ ಕೇಳಿಸಿತು. ಒಡನೆಯೇ ರೆಕ್ಕೆಗಳ ಸದ್ದು, ಕೂಗಾಟ, ಎಲೆ ಪರಪರನೆ ಹರಿಯುವ ಸದ್ದು. ನಾನು ಅಲ್ಲೇ ಕೂತಿದ್ದೆ. ಏಳು ಎಂದು ನನಗೆ ಇನ್ನೂ ಯಾರೂ ಹೇಳಿರಲಿಲ್ಲ. ಸಮಾಧಾನವಾಗಲೆಂದು ಹೇಳಿದ ಒಂದು ಸುಳ್ಳಿನಿಂದ ಅಣ್ಣನನ್ನು ನಾನೇ ಕಳಿಸಿಬಿಟ್ಟೆನೇ ಎಂಬ ಪ್ರಶ್ನೆ ಆಗ ಎದೆಗೆ ಬಿತ್ತು. ಅದು ಅಲ್ಲಿಂದ ಎದ್ದಿಲ್ಲ.

ಅವ್ವ ಬರಿಗೈಯಿಂದ ಬಂದು ಬಾಗಿಲಲ್ಲಿ ನಿಂತಳು.

"ಒಂದಗಳೂ ಬಿಡಲಿಲ್ಲ," ಎಂದಳು. "ಏಳು. ಬಾವೀಗೆ ಹೋಗಿ ತಲೀ ಮ್ಯಾಲ ನೀರು ಹಾಕ್ಕೋ."

ಅಂದಿನಿಂದಲೇ ಅವಳು ಸೂತಕದ ದಿನ ಎಣಿಸಿದಳು. ಮನೆಗೆ ಬಂದವರು ತಾರು ಬಂತೇ, ಕಾಗದ ಬಂತೇ ಎಂದು ಕೇಳಿದರೆ ಉತ್ತರ ಕೊಡಲಿಲ್ಲ. ಸರಕಾರದ ಕಾಗದ ಬಂದದ್ದು ನಾಲ್ಕು ತಿಂಗಳ ಮೇಲೆ. ಇಂಗ್ಲಿಷಿನಲ್ಲಿತ್ತು. ನಾನು ಅದನ್ನು ಹಿಡಿದುಕೊಂಡು, ಹೇಗೆ ಹೇಳಲಿ, ಯಾವ ಮಾತು ಬಿಡಲಿ ಎಂದು ನಿಂತಿದ್ದೆ. ಅವ್ವ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ಈ ಸಲ," ಎಂದಳು, "ಅದರಾಗ ಇದ್ದದ್ದನ್ನ ಇದ್ದಂಗ ಓದು."