ಗಾಲಿಯ ಸ್ಟಡ್ಡೂ ತವರಿನ ಬುತ್ತಿಯೂ

ನಮ್ಮ ಮನೆಯ ಕೀಲಿಕೈ ಅತ್ತೆಯವರ ಸೊಂಟದ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿಗಳ ನಡುವೆ ವಾಸವಾಗಿದೆ. ಬಾಗಿಲು ತೆಗೆದಾಗಲೆಲ್ಲ ಕೀಲಿಯ ತೂತಿನಿಂದ ಚಿಟಿಕೆ ಸುಣ್ಣ ಉದುರುತ್ತದೆ. ಇಷ್ಟು ಬಿಳಿಬಾಯಿಯ ಕೀಲಿ ಬೆಟಗೇರಿಯಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಆ ಕೀಲಿಕೈ ಸಂಚಿ ಸೇರಿ, ಸಂಚಿಯ ದಾರ ಬಿಗಿದು, ಅತ್ತೆಯವರು “ನಡೀರಿ ಇನ್ನ” ಎಂದರೆ ಮುಗಿಯಿತು. ಶುಭಕಾರ್ಯಕ್ಕೆ ಹೊರಬಿದ್ದವರು ತಿರುಗಿ ಹೊಸ್ತಿಲು ತುಳಿಯುವಂತಿಲ್ಲ. ಮರೆತ ಕರವಸ್ತ್ರ ಮರೆತಂತೆಯೇ, ಬಿಟ್ಟ ಕನ್ನಡಕ ಬಿಟ್ಟಂತೆಯೇ. ಓಣಿಯ ತಿರುವಿನಲ್ಲಿ ‘ಗ್ಯಾಸು ಆರಿಸಿದೆನೋ ಇಲ್ಲವೋ’ ಎಂಬ ಆ ಸನಾತನ ಸಂಶಯ ನಿಮ್ಮನ್ನೂ ಕಾಡುತ್ತದಲ್ಲವೇ? ನೀವು ಹಿಂದಿರುಗಿ ನೋಡಿ ಬರುತ್ತೀರಿ. ನಾನು ಅದನ್ನು ಎದೆಯಲ್ಲಿಟ್ಟುಕೊಂಡೇ ಎಷ್ಟೋ ಮದುವೆಗಳಲ್ಲಿ ಅಕ್ಷತೆ ಹಾಕಿದ್ದೇನೆ.

ಹೋದ ಮಾಘದ ಒಂದು ಭಾನುವಾರ ನಾವು ಹಾಗೆ ಹೊರಟದ್ದು ಲಕ್ಷ್ಮೇಶ್ವರಕ್ಕೆ. ನಮ್ಮ ಮಗಳು ಸಹನಾಳನ್ನು ಕೊಟ್ಟ ಊರು ಅದು, ಅಂದು ಅವಳ ಕುಬಸ. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಕುಬಸದ ಖಣ ಒಯ್ದು, ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ಬಾಯಿಗೆ ಸಿಹಿ ತುತ್ತು ಇಡುವ ಈ ಸಂಭ್ರಮದ ನಿಜವಾದ ನಾಯಕಿ ಮಗಳಲ್ಲ, ಬುತ್ತಿ. ಬಿಳಿಯ ಪಂಚೆಯಲ್ಲಿ ಸುತ್ತಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮಾದಲಿ, ಕರಿಗಡಬು, ಒಂದರ ಬೆನ್ನಿಗೊಂದು ಒರಗಿ ನಿದ್ದೆ ಹೋದಂತಿರುವ ಶೇಂಗಾ ಹೋಳಿಗೆ. ಬೀಗರ ಮನೆಯಲ್ಲಿ ಒಂದು ಕಟ್ಟಳೆ ಇದೆ: ಕುಬಸದ ದಿನ ತವರಿನ ತುತ್ತು ಬೀಳುವ ತನಕ ಬಸುರಿಯ ಬಾಯಿಗೆ ಬೇರೇನೂ ಬೀಳಬಾರದು. ಕಟ್ಟಳೆ ಹಾಕಿದವರು ಆ ಮನೆಯ ಹಿರಿಯಜ್ಜಿ. ಅದನ್ನು ಕಾಯುವವರು ಆಕೆಯ ಸೊಸೆ, ನನ್ನ ಬೀಗತಿ ಗಂಗಕ್ಕ, ಜಮಖಾನೆಯ ಒಂದು ಅಂಚು ಮಡಚಿದ್ದರೂ ನಿದ್ದೆ ಬಾರದ ಹೆಂಗಸು. ಆದ್ದರಿಂದ ಅಂದು ನಾವು ತಡಮಾಡಿದರೆ ಕಳೆದುಕೊಳ್ಳುವುದು ಮಾನವನ್ನಷ್ಟೇ ಅಲ್ಲ. ನನ್ನ ಏಳು ತಿಂಗಳ ಬಸುರಿ ಮಗಳು ಹಸಿದು ಕೂತಿರುತ್ತಾಳೆ. ನಾನು ಬೆಳಗಿನಿಂದ ಮೂರು ಸಲ ಸೆರಗು ಸಿಕ್ಕಿಸಿಕೊಂಡು ನಾಲ್ಕು ಸಲ ಬಿಚ್ಚಿದ್ದೆ.

ಹೊರಟದ್ದು ಮೂವರು: ನಮ್ಮ ಮನೆಯವರು, ಅತ್ತೆ, ನಾನು. ಮೂವರು ಶುಭಕ್ಕೆ ಹೋಗಬಾರದೆಂದು ಅತ್ತೆಯವರು ಒಂದು ಅಡಿಕೆ ಬೆಟ್ಟವನ್ನು, ಎಂದರೆ ಒಡೆಯದ ಇಡೀ ಅಡಿಕೆಯನ್ನು, ನಾಲ್ಕನೆಯವನೆಂದು ನೇಮಿಸಿ ಹಿಂದಿನ ಸೀಟಿನಲ್ಲಿ ತಮ್ಮ ಪಕ್ಕ ಕೂರಿಸಿಕೊಂಡರು. ಓಣಿಯ ಅಯ್ಯನವರು ಪಂಚಾಂಗ ನೋಡಿ ಹೇಳಿದ ಘಳಿಗೆಗೆ ಸರಿಯಾಗಿ ಕಾರು ಗೇಟು ದಾಟಿತು. ಪಕ್ಕದ ಮನೆ ದಾಟುವಷ್ಟರಲ್ಲಿ ಹಿಂದಿನ ಎಡಗಾಲಿಯಿಂದ ಟುಕ್ ಟುಕ್ ಎಂಬ ಸದ್ದು.

ಹಿಂದಿನ ದಿನ ಪಂಕ್ಚರ್ ಆದ ಆ ಗಾಲಿಯನ್ನು ಬದಲಿಸಿದವರು ನಮ್ಮ ಮನೆಯವರೇ. ಇಳಿದು ನೋಡಿದರೆ ಒಂದು ನಟ್ಟು ಸಡಿಲ. ನಮ್ಮ ಮನೆಯವರಿಗೆ ಬಿಗಿ ಎಂಬ ಗುಣದ ಮೇಲೆ ಅಪಾರ ಭಕ್ತಿ. ಉಪ್ಪಿನಕಾಯಿ ಭರಣಿಯನ್ನು ಅವರು ಮುಚ್ಚಿದರೆ ತೆಗೆಯಲೂ ಅವರೇ ಬೇಕು. ಒಮ್ಮೆ ಅವರಿಂದಲೂ ಆಗದೆ ಒಂದಿಡೀ ಬೇಸಿಗೆ ನಾವು ಗಾಜಿನೊಳಗಿನ ಮಾವಿನಕಾಯಿಯನ್ನು ನೋಡುತ್ತ ಸಪ್ಪೆ ಊಟ ಮಾಡಿದ್ದೇವೆ. ಅಂಥವರು ನಟ್ಟು ತಿರುವುವ ಪಾನಾ ತಗುಲಿಸಿ, ಅದರ ಹಿಡಿಕೆಯ ಮೇಲೆ ಎರಡೂ ಕಾಲಿಟ್ಟು, ನಾಗರಪಂಚಮಿಯ ಜೋಕಾಲಿ ಜೀಕುವವರಂತೆ ಒಮ್ಮೆ ಜೀಕಿದರು. ‘ಟಕ್’ ಎಂದಿತು. ನಟ್ಟಿನ ಜೊತೆಗೆ ಅದನ್ನು ಹೊತ್ತಿದ್ದ ಉಕ್ಕಿನ ಮೊಳೆಯ ಅರ್ಧವೂ ಕಿತ್ತು ಉರುಳಿ ನನ್ನ ಚಪ್ಪಲಿಯ ಹತ್ತಿರ ಬಂದು ನಿಂತಿತು. ಗಾಲಿಯನ್ನು ಗಾಡಿಗೆ ಹಿಡಿದಿಡುವ ಹೆಬ್ಬೆರಳುದ್ದದ ನಾಲ್ಕು ಮೊಳೆಗಳಲ್ಲಿ ಒಂದು. ಅದಕ್ಕೆ ಸ್ಟಡ್ಡು ಎನ್ನುತ್ತಾರಂತೆ. ನೋಡಲು ಕಾಡಿಗೆ ಹಚ್ಚಿಕೊಂಡ ಬೆಂಡೆಕಾಯಿಯ ತುಂಡಿನ ಹಾಗಿತ್ತು.

ಸದ್ದು ಕೇಳಿ ಪಕ್ಕದ ಮನೆಯ ಮಾಬೂಸಾಬರು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದರು. ಬಟ್ಟೆ ಅಂಗಡಿಯವರು, ಸೀರೆಯಿಂದ ಹಿಡಿದು ರಾಕೆಟ್ಟಿನ ತನಕ ಅವರಿಗೊಂದು ಅಭಿಪ್ರಾಯವಿರುತ್ತದೆ.

“ಮೂರು ಅದಾವಲ್ರಿ ಬಸಣ್ಣಾರ, ಸಾವಕಾಶ ಹೋಗ್ರಿ,” ಎಂದರು.

“ಮೂರರ ಮ್ಯಾಲೆ ಕುಬಸಕ್ಕ ಹೋಗೋದ?” ಅತ್ತೆಯವರು ಕಿಟಕಿಯಿಂದ ಮುಖ ಹೊರಹಾಕಿದರು. “ಬ್ಯಾಡವ, ಬ್ಯಾಡ.”

“ಮಂದಿಗೆ ಅಡಿಕಿ ಬೆಟ್ಟ ನಡದ್ರ ಗಾಲಿಗೂ ನಡೀತೈತಿ ಬಿಡ್ರಿ ಅಮ್ಮಾರ. ಒಂದು ಕಟ್ಟಿಬಿಡೂಣು.”

“ನಿನ್ನ ಅಂಗಡ್ಯಾಗ ಮೂರು ಗುಂಡಿ ಅಂಗಿ ಮಾರ್ತೀಯೇನಪಾ?”

ಮಾಬೂಸಾಬರು ಬ್ರಷ್ಷು ತೆಗೆದು ಉಗುಳಿ ಬಂದರು. ಶಕುನಶಾಸ್ತ್ರವೂ ಸುರಕ್ಷತೆಯೂ ಹೀಗೆ ಒಂದೇ ದಾರಿಯಲ್ಲಿ ನಡೆದದ್ದನ್ನು ನಾನು ಅಂದೇ ಮೊದಲು ಕಂಡದ್ದು.

ನಮ್ಮ ಮೆಕ್ಯಾನಿಕ್ಕು ಮುಂಡರಗಿಯ ಒಂದು ಮದುವೆಯಲ್ಲಿದ್ದ. ಅಂದು ಎಂಥ ಮುಹೂರ್ತವೆಂದರೆ ಬಾಡಿಗೆ ಕಾರುಗಳೂ ಯಾರ್‍ಯಾರದೋ ದಿಬ್ಬಣ ಸೇರಿದ್ದವು. ಆಗ ನಮ್ಮ ಮನೆಯವರ ಮುಖ ಬೆಳಗಿತು. “ಹೊಸಾ ಸ್ಟಡ್ ನನ್ನ ಕಡೆ ಐತಿ! ಹೋದ ವರ್ಷ ಹುಬ್ಬಳ್ಳ್ಯಾಗ ‘ಇರ್ಲಿ’ ಅಂತ ತಂದಿಟ್ಟೀನಿ. ಅರ್ಧ ತಾಸಿನ ಕೆಲಸ. ಮನ್ಯಾಗ, ಬಿಸ್ಕೀಟಿನ ಡಬ್ಬ್ಯಾಗ—”

ಮನೆಯೊಳಗೆ! ಎಲ್ಲರೂ ಬಾಗಿಲ ಕಡೆ ನೋಡಿದೆವು. ಅತ್ತೆಯವರ ಕೈ ಸಂಚಿಯ ಮೇಲೆ ಹೋಯಿತು.

“ಕೀಲಿಕೈ ಕೊಡು ಯವ್ವಾ.”

“ಹೊಂಟಾಂವ ಒಳಗ ಹ್ವಾದ್ರ ಹೊಂಟಂಗಲ್ಲ.”

“ಹೊಳ್ಳಿ ಇನ್ನೊಮ್ಮೆ ಹೊರಡೂಣಂತ.”

“ಘಳಿಗಿ ಎಲ್ಲೈತಿ? ಮುಗದುಹೋತು. ಗಾಲಿ ಮುರದ್ರ ಮುರೀಲಿ, ಘಳಿಗಿ ಮುರಿಯಾಕ ನಾ ಒಲ್ಲೆ.”

ಅಷ್ಟರಲ್ಲಿ ಫೋನು. “ಅವ್ವಾ,” ಸಹನಾಳ ದನಿ ಬಾವಿಯ ತಳದಿಂದ ಬಂದಂತಿತ್ತು, “ಎಲ್ಲಿ ಅದೀರಿ? ನಾ ಇನ್ನೂ ಏನೂ ತಿಂದಿಲ್ಲ.” “ಹೊಂಟೀವಿ, ಹೊಂಟೀವಿ,” ಎಂದೆ. ಸುಳ್ಳಲ್ಲ, ನೋಡಿ, ಹೊರಟದ್ದಂತೂ ಹೊರಟಿದ್ದೆವು. ಮನೆಯ ಮುಂದೆಯೇ ಇದ್ದೆವು, ಅಷ್ಟೇ.

ಅತ್ತೆಯವರ ಹುಬ್ಬಿನ ಗಂಟು ಮೊಮ್ಮಗಳ ದನಿಗೆ ಕೊಂಚ ಸಡಿಲವಾಯಿತು. ಅವರ ದೃಷ್ಟಿ ನಮ್ಮನ್ನು ಕಳಿಸಲೆಂದು ಬಾಗಿಲಲ್ಲಿ ನಿಂತಿದ್ದ ಮಾಬೂಸಾಬರ ಹೆಂಡತಿ ಫಾತಿಮಾಳ ಮೇಲೆ ನಿಂತಿತು.

“ಫಾತಿಮಾ, ಇವತ್ತ ನೀ ಎಲ್ಲಿಗೂ ಹೊಂಟಿಲ್ಲಲ್ಲ?”

“ಇಲ್ರಿ ಅಮ್ಮಾ, ನಾ ಎಲ್ಲಿಗಿ ಹೋಗ್ಲಿ!”

“ಹಂಗಾದ್ರ ನೀ ಒಳಗ ಹೋಗಾಕ ಅಡ್ಡಿಯಿಲ್ಲ.”

ಎಂಥ ನ್ಯಾಯ, ನೋಡಿ! ಕಟ್ಟಳೆ ಬಾಗಿಲು ಮುಚ್ಚಿದ್ದು ಹೊರಟವರಿಗೆ. ಹೊರಡದವರಿಗೆ ಅದು ಎಂದಿನಿಂದಲೂ ತೆರೆದೇ ಇತ್ತು. ಸುಣ್ಣ ಉದುರಿಸುತ್ತ ಕೀಲಿ ತೆರೆಯಿತು. ಫಾತಿಮಾ ನನ್ನ ಮನೆಯೊಳಗೆ ಹೋದಳು. ನಾನು ಹೊರಗಿನಿಂದ ಕಿಟಕಿಯ ಸರಳು ಹಿಡಿದು ನಿಂತೆ.

ಸ್ವಂತ ಮನೆಯನ್ನು ಕಿಟಕಿಯ ಹೊರಗಿನಿಂದ ನೀವು ಎಂದಾದರೂ ನೋಡಿದ್ದೀರಾ? ಒಳಗಿರುವಾಗ ಅದು ನಮ್ಮನ್ನು ಸುತ್ತಿಕೊಂಡಿರುವುದರಿಂದ ಕಾಣುವುದಿಲ್ಲ, ಉಟ್ಟ ಸೀರೆಯ ಬೆನ್ನಿನ ಹಾಗೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರು ಪ್ರತಿ ವಸ್ತುವಿಗೂ ಒಂದು ಜಾಗ ಎಂದು ಕಲಿಸಿದ್ದರು. ನಾನೂ ನಂಬಿ ಪಾಲಿಸಿದೆ. ಕಾಲಕ್ರಮದಲ್ಲಿ ಎಲ್ಲ ವಸ್ತುಗಳಿಗೂ ಅದೇ ಒಂದು ಜಾಗವಾಯಿತು: ಮೆಟ್ಟಿಲ ಕೆಳಗಿನ ಕಪಾಟು. ಬಿಸ್ಕೀಟಿನ ಡಬ್ಬಿ ಇದ್ದದ್ದು ಅಲ್ಲಿಯೇ.

“ಅಕ್ಕಾರ, ಇದನ್ನ ತಗದ್ರ ಎಲ್ಲಾ ಮೈಮ್ಯಾಲೆ ಬರ್ತಾವಲ್ರಿ!”

“ಮೊಣಕಾಲು ಅಡ್ಡ ಹಿಡೀರಿ, ನಾ ಹಂಗ ಮಾಡ್ತೀನಿ.”

ಫಾತಿಮಾಳ ಗಂಟಲು ದೊಡ್ಡದು. ಸಿಕ್ಕಿದ್ದೆಲ್ಲವನ್ನೂ ಆಕೆ ಕೂಗಿ ಹೇಳುತ್ತಿದ್ದಳು. ಇಡೀ ಓಣಿ ನನ್ನ ಗೃಹಕೃತ್ಯದ ವರದಿ ಕೇಳಿತು. “ಒಂದ ಕಾಲಿನ ಸಾಕ್ಸು ಭಾಳ ಅದಾವ್ರಿ!... ಇದು ಏನು, ಅರ್ಧ ಸ್ವೆಟರ?... ಅಯ್ಯ, ಇದು ನನ್ನ ಡಬ್ಬಿ! ಹಬ್ಬಕ್ಕ ಸುರಕುಂಬಾ ಪಾಯಸ ಹಾಕಿ ಕಳಿಸಿದ್ದು!”

“ಖಾಲಿ ಡಬ್ಬಿ ಹೆಂಗ ಕೊಡೂದಂತ ಇಟ್ಕೊಂಡೇನ್ರಿ,” ಎಂದು ಸರಳುಗಳ ನಡುವೆ ಮುಖವಿಟ್ಟು ವಿನಂತಿಸಿದೆ. ಅದು ಖರೆಯೇ, ನಮ್ಮಲ್ಲಿ ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವುದಿಲ್ಲ. ಏನು ತುಂಬಲಿ ಎಂದು ನಾನು ಯೋಚಿಸುತ್ತಿದ್ದಂತೆ ಒಂದು ವರ್ಷ ಕಳೆದಿತ್ತು. ಫಾತಿಮಾ ಒಂದು ಕ್ಷಣ ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು, ಅದನ್ನು ಅಲ್ಲೇ ಸಾಕ್ಸುಗಳ ನಡುವೆ ಇಟ್ಟಳು. “ತುಂಬಿಸೇ ಕೊಡ್ರಿ ಹಂಗಾದ್ರ. ನನಗೇನು ಗಡಿಬಿಡಿ ಇಲ್ಲ.”

ಕೊನೆಗೆ ಬಿಸ್ಕೀಟಿನ ಡಬ್ಬಿ, ಸುತ್ತಿಗೆ, ಹಳೆಯ ಬಟ್ಟೆ ಎಲ್ಲವೂ ಕಿಟಕಿಯಿಂದ ಹೊರಬಂದವು. ಹಾಗೆಯೇ ನಾಚಿಕೆ ಬಿಟ್ಟು ಕೇಳಿದೆ: “ಒಂದೀಟು ಗ್ಯಾಸು ಆರೇತೇನು ನೋಡ್ತೀರಿ?” ಒಳಗಿನಿಂದ ಉತ್ತರ ಬಂತು: “ಆರೇತ್ರಿ!” ನನ್ನ ಸಂಸಾರದ ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರ ಅದು.

ಬುತ್ತಿ, ಅತ್ತೆ, ಅಡಿಕೆ ಬೆಟ್ಟ ಮೂರೂ ಇಳಿದು ಮಾಬೂಸಾಬರ ಕಟ್ಟೆಯ ಮೇಲೆ ವಿರಾಜಮಾನವಾದವು. ಮುಂದಿನ ಗಾಲಿಗಳಿಗೆ ಕಲ್ಲು ಒತ್ತಿ, ಜಾಕು ಏರಿಸಿ, ಗಾಲಿ ಬಿಚ್ಚಿದರು. ಅದರ ಹಿಂದೆ ಹೋಳಿಗೆಯ ಹಂಚನ್ನು ಬೋರಲು ಹಾಕಿದಂಥ ಬ್ರೇಕಿನ ಡ್ರಮ್ಮು. ಎಷ್ಟು ಬಡಿದರೂ ಅದು ಜಗ್ಗಲಿಲ್ಲ. ಒಳಗೆ ಬ್ರೇಕು ಹಿಡಿದುಕೊಂಡಿತ್ತು. ನಮ್ಮ ಮನೆಯವರು ಹ್ಯಾಂಡ್‌ಬ್ರೇಕನ್ನೂ ಭರಣಿಯಂತೆ ಬಿಗಿದಿಟ್ಟಿದ್ದರು. ಅದನ್ನು ಇಳಿಸಿದ್ದೇ ಡ್ರಮ್ಮು ತಾನಾಗಿ ಕೈಗೆ ಬಂತು. ಮುರಿದ ತುಂಡಿಗೆ ಎದುರಿನಿಂದ ಸುತ್ತಿಗೆಯ ನಾಲ್ಕು ಪೆಟ್ಟು ಬಿದ್ದವು. ಅದು ಹಿಂದಕ್ಕೆ ಜಾರಿ ಮಣ್ಣಿಗೆ ಬಿತ್ತು. ಅತ್ತೆಯವರು ಹೊಸ ಸ್ಟಡ್ಡನ್ನು ತರಿಸಿಕೊಂಡು ಸಂಚಿಯಿಂದ ವಿಭೂತಿ ತೆಗೆದು ಅದರ ತಲೆಗೆ ಹಚ್ಚಿ ಕಳಿಸಿದರು.

ಕಷ್ಟ ಬಂದದ್ದು ಅಲ್ಲಿಂದ. ಸ್ಟಡ್ಡಿನ ಕೊರಳ ಸುತ್ತ ಸಣ್ಣ ಹಲ್ಲುಗಳಿವೆ. ಹಿಂದಿನಿಂದ ತೂರಿಸಿದ ಮೇಲೆ ಆ ಹಲ್ಲು ತೂತಿನ ಗೋಡೆಯನ್ನು ಕಚ್ಚಿ ಕೂರಬೇಕು. ಅದು ಅರ್ಧ ಬಂದು ಹೊಸ ಸೊಸೆಯಂತೆ ಬಾಗಿಲಲ್ಲೇ ನಿಂತಿತು. ಹಿಂದಿನಿಂದ ಸುತ್ತಿಗೆ ಬೀಸಲು ಜಾಗವಿಲ್ಲ. ನಮ್ಮ ಮನೆಯವರು ಹೆಬ್ಬೆರಳಿನಿಂದ ನೂಕಿದರು, ಹಲ್ಲು ಕಚ್ಚಿ ನೂಕಿದರು, ಕಾರಿಗೆ ಬೆನ್ನು ಕೊಟ್ಟು ನೂಕಿದರು. ಫೋನು ಮತ್ತೆ ಬಂತು: “ಅವ್ವಾ, ಮುಳಗುಂದ ದಾಟಿದ್ರೇನು?” ನನ್ನ ಕಣ್ಣು ತುಂಬಿ ಬಂತು.

ತುಂಬಿದ ಕಣ್ಣಿಗೆ, ಯಾಕೋ, ಲಂಗದ ಲಾಡಿ ಕಂಡಿತು. ಹೊಲಿಗೆಯ ತರಗತಿಯಲ್ಲಿ ಸಿಸ್ಟರು ಹೇಳುತ್ತಿದ್ದರು: ಲಾಡಿಯನ್ನು ನೂಕಿದರೆ ಮುದುಡಿ ಗಂಟಾಗುತ್ತದೆ, ತುದಿಗೊಂದು ಪಿನ್ನು ಚುಚ್ಚಿ ಆಚೆಯಿಂದ ಎಳೆಯಬೇಕು. ಲೋಕದಲ್ಲಿ ನೂಕಿದರೆ ಹೋಗದ ಎಷ್ಟೋ ವಸ್ತುಗಳು ಎಳೆದರೆ ಬರುತ್ತವೆ: ಲಾಡಿ, ಹಟಮಾರಿ ಕರು, ಟೀವಿಯ ಮುಂದಿನಿಂದ ಊಟಕ್ಕೆ ಏಳದ ಗಂಡ.

“ರೀ, ಆ ಕಡಿಂದ ನೂಕಬ್ಯಾಡ್ರಿ, ಈ ಕಡಿಂದ ಎಳೀರಿ.”

“ಏನು ಹಿಡದು ಎಳೀಲಿ, ಅದಕ್ಕೇನು ಜಡಿ ಐತೇನು?”

“ನಟ್ಟು ಹಾಕಿ ತಿರುವ್ರಿ. ನಟ್ಟು ಒಳಗ ಹೋದಂಗ ಅದು ಹೊರಗ ಬರ್ತೈತಲ್ಲ.”

ಅವರು ನನ್ನ ಕಡೆ, ಅಡುಗೆಗೆ ಉಪ್ಪು ಕಡಿಮೆಯಾದಾಗ ನೋಡುವ ದೃಷ್ಟಿಯಿಂದ ನೋಡಿದರು. ಅದೇ ಹೊತ್ತಿಗೆ ಮಾಬೂಸಾಬರ ಮೊಬೈಲಿನಲ್ಲಿ ಮೀಸೆಯ ಮನುಷ್ಯನೊಬ್ಬ ಹಿಂದಿಯಲ್ಲಿ ಇದನ್ನೇ ಹೇಳತೊಡಗಿದ: ವಾಷರು ಪೇರಿಸಿರಿ, ನಟ್ಟನ್ನು ಉಲ್ಟಾ ಹಾಕಿರಿ, ತಿರುಗಿಸಿ ಎಳೆಯಿರಿ. “ಹಾಂ, ಇದು ಬರೋಬ್ಬರಿ!” ಎಂದರು ನಮ್ಮ ಮನೆಯವರು. ಹೆಂಡತಿಯ ಮಾತು ಹಿಂದಿಯಲ್ಲಿ, ಮೀಸೆ ಸಮೇತ ಬಂದರೆ ಬೇಗ ಅರ್ಥವಾಗುತ್ತದೆಂದು ಅಂದು ತಿಳಿಯಿತು. ‘ಇರ್ಲಿ’ ಡಬ್ಬಿಯ ವಾಷರುಗಳನ್ನು ಬಳೆಗಳಂತೆ ಒಂದರ ಮೇಲೊಂದು ತೊಡಿಸಿ, ನಟ್ಟು ತಿರುವಿದಂತೆಲ್ಲ ಸ್ಟಡ್ಡು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮುಂದೆ ಬಂದು, ಕಡೆಗೊಮ್ಮೆ ‘ಕಟ್’ ಎಂದು ಕೂತಿತು. ಡ್ರಮ್ಮು, ಗಾಲಿ, ನಾಲ್ಕೂ ನಟ್ಟು ತಮ್ಮ ತಮ್ಮ ಜಾಗಕ್ಕೆ ಹೋದವು. ನಟ್ಟುಗಳನ್ನು ಎದುರುಬದುರಾಗಿ, ಸಮಸಮವಾಗಿ ಬಿಗಿದ ಮೇಲೆ ನಮ್ಮ ಮನೆಯವರ ಕಾಲು ಅಭ್ಯಾಸಬಲದಿಂದ ಪಾನಾದ ಕಡೆ ಹೋಯಿತು. ಅತ್ತೆ, ನಾನು, ಫಾತಿಮಾ ಮೂವರೂ ಒಟ್ಟಿಗೆ “ಸಾಕು!” ಎಂದು ಚೀರಿದೆವು.

ಇಕ್ಕೆಲದ ಕಡಲೆ ಹೊಲಗಳ ನಡುವೆ, ದೂರದ ಗುಡ್ಡದ ಗಾಳಿಯಂತ್ರಗಳು ‘ಬರ್ರಿ, ಜಲ್ದಿ ಬರ್ರಿ’ ಎಂದು ಕೈಬೀಸುತ್ತಿರಲು, ನಾವು ಲಕ್ಷ್ಮೇಶ್ವರ ಮುಟ್ಟಿದಾಗ ಹೊತ್ತು ನೆತ್ತಿ ದಾಟಿತ್ತು. ಬಾಗಿಲಲ್ಲಿ ಗಂಗಕ್ಕ. ನಾನು ಬುತ್ತಿ ಇಳಿಸುವ ಮೊದಲೇ ಕ್ಷಮೆ ಕೇಳಲು ಬಾಯಿ ತೆರೆದೆ. ಆಕೆ ನನ್ನ ಮುಂಗೈ ಹಿಡಿದು ಅಡುಗೆಮನೆಗೆ ಎಳೆದೊಯ್ದು ಬಾಗಿಲು ಅರೆಮುಚ್ಚಿದರು.

“ಗಾಬರಿ ಆಗಬ್ಯಾಡ್ರಿ ಬೀಗತ್ಯಾರ. ಆಕಿ ಮುಂಜಾನೆನ ಉಂಡಾಳ.”

“ಮತ್ತ... ತವರಿನ ತುತ್ತು?”

“ಸಂಕ್ರಾಂತಿಗೆ ನೀವು ಕಳಿಸಿದ್ದ ಶೇಂಗಾ ಚಟ್ನಿ ಉಳದಿತ್ತು. ಮೊದಲ ಅದನ್ನ ಬಾಯಾಗ ಹಾಕಿದೆ. ತವರಿಂದು ಬಿತ್ತೋ ಇಲ್ಲೋ? ಆಮ್ಯಾಲೆ ಎರಡು ರೊಟ್ಟಿ, ಒಂದು ವಾಟಗ ಹಾಲು. ಬಸರ ಹೆಂಗಸು, ಉಪಾಸ ಇಡಾಕ ಆಗ್ತೈತೇನ್ರಿ? ಫೋನಿನ್ಯಾಗ ತಿಂದಿಲ್ಲ ಅಂದದ್ದು ಖರೆ ಅಲ್ಲ. ನಮ್ಮತ್ತಿ ಬಾಜೂಕ ಕುಂತಿದ್ರು.” ಸ್ವಲ್ಪ ತಡೆದು, “ಅವರಿಗೆ ಹೇಳಬ್ಯಾಡ್ರಿ. ನಿಮ್ಮ ಅತ್ತಿಯವರಿಗೂ,” ಎಂದರು.

ಇಷ್ಟು ದಿನ ಈ ಹೆಂಗಸಿಗೆ ನಾನು ಹೆದರುತ್ತಿದ್ದೆನೇ! ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ಹಿಟ್ಟಿನ ಡಬ್ಬಿಗಳ ನಡುವೆ ನಕ್ಕೆವು.

ಹೊರಗೆ ಮಣೆಯ ಮೇಲೆ ಸಹನಾ, ಹಸಿರು ಸೀರೆ, ಹಸಿರು ಬಳೆ, ತುಂಬಿದ ಹೊಟ್ಟೆ. ಎರಡೂ ಅರ್ಥದ ತುಂಬಿದ ಹೊಟ್ಟೆ. ಆರತಿ ಎತ್ತಿ ಶೇಂಗಾ ಹೋಳಿಗೆಯ ತುಂಡನ್ನು ಬಾಯಿಗಿಟ್ಟೆ. ಅವಳು ಕಣ್ಣು ಮುಚ್ಚಿ, ಮೂರು ದಿನದ ಉಪವಾಸಿಯಂತೆ ಅದನ್ನು ಅಗಿದಳು. ಏನು ನಟನೆ! ಹಿರಿಯಜ್ಜಿ ಸೆರಗಿನಿಂದ ಕಣ್ಣೊರಸಿಕೊಂಡರು. ನಮ್ಮ ಅತ್ತೆಯವರಂತೂ ಮೊಮ್ಮಗಳ ಕೆನ್ನೆ ಸವರಿ ನನ್ನ ಕಡೆ ತಿರುಗಿದರು.

“ಎಷ್ಟು ಹಸದೈತವ್ವಾ ನನ್ನ ಕೂಸು! ಶೈಲಾ, ನೋಡಕೋತ ನಿಂತೀಯಲ್ಲ, ಇನ್ನೊಂದು ಪೂರ್ತಿ ಹೋಳಿಗಿ ತಿನ್ನಿಸು.”

ಸಹನಾಳ ಕಣ್ಣು ಫಕ್ಕನೆ ತೆರೆದು ನನ್ನನ್ನು ಬೇಡಿಕೊಂಡಿತು. ಗಂಗಕ್ಕ ಮಾಳಿಗೆಯ ಜಂತಿಗಳನ್ನು ಎಣಿಸುತ್ತಿದ್ದರು. ಎರಡೂ ಮನೆಯ ಹಿರಿಯರು ನನ್ನ ಕೈಯನ್ನೇ ನೋಡುತ್ತಿರಲು ನಾನು ತಾನೇ ಏನು ಮಾಡಲಿ? ಬುತ್ತಿಯಲ್ಲಿದ್ದುದರಲ್ಲೇ ಚಿಕ್ಕ ಹೋಳಿಗೆಯನ್ನು ಹುಡುಕಿ ತೆಗೆದು, ಸುಲಭವಾಗಿ ಜಾರಲೆಂದು ಅದರ ಮೇಲೆ ಎರಡು ಚಮಚ ತುಪ್ಪ ಸುರಿದು, ಮಗಳ ಬಾಯಿಗಿಟ್ಟೆ.