ಆರ್ಡರ್ ಕಾಪಿ ಇಲ್ಲದ ಕೈ

"ರಸ್ತಾ ಬಂದ್ ಮಾಡಾಕ ನಿನಗ ಯಾರು ಅಧಿಕಾರ ಕೊಟ್ಟಾರ?"

ಹೀಗೆ ಕೇಳಿದವನು ನಾನೇ. ಕಳೆದ ಮಂಗಳವಾರ, ಅಕ್ಕಿಆಲೂರು ದಾಟಿದ ಮೇಲೆ ಬರುವ ಒಂದು ಸಣ್ಣ ಊರಿನಲ್ಲಿ. (ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕೋರ್ಟುಗಳನ್ನು ಸುತ್ತಿ ಸವೆದ ಕರಿಕೋಟು ನನ್ನದು. ಪ್ರಶ್ನೆ ಕೇಳುವ ಚಟ ಬಿಡಬೇಕಲ್ಲ!)

ಕಾರಿಗೆ ಕೈ ಅಡ್ಡ ಹಿಡಿದವನು ಪೊಲೀಸನಲ್ಲ. ವಾಲಿಕಾರ; ಊರಲ್ಲಿ ನೋಟಿಸು ಹಂಚುವ, ಡಂಗುರ ಸಾರುವ ಕಂದಾಯ ಇಲಾಖೆಯ ಆಳು. ಹಳೆಯ ಖಾಕಿ ಅಂಗಿ, ಬರಿಗಾಲು.

"ಹತ್ತು ನಿಮಿಷ ನಿಂದರ್ರಿ ಸಾಹೇಬ್ರ. ಮಣ್ಣಿಗೆ ಹೊಂಟಾರ, ಓಣಿ ಸಣ್ಣದೈತಿ," ಎಂದ.

ಹತ್ತು ನಿಮಿಷ! ಹಿರೇಕೆರೂರಿನಲ್ಲಿ ನನ್ನ ಕೇಸು ಕೂಗುವ ಹೊತ್ತು. ಶವ ಬರುವುದರೊಳಗೆ ದಾಟಿಬಿಡುತ್ತೇನೆ ಅಂದುಕೊಂಡೆ. ರಸ್ತೆ ತಡೆಯಲು ಪೊಲೀಸರು ಬೇಕು, ಇಲ್ಲವೇ ಮೇಲಿನವರ ಆದೇಶ ಬೇಕು ಅಂತ ಅವನಿಗೆ ಪಾಠ ಮಾಡಿದೆ.

"ಆರ್ಡರ್ ಕಾಪಿ ತೋರಸು."

ಅವನ ಬಳಿ ಎಲ್ಲಿಂದ ಬರಬೇಕು? ಕೈ ಮೆಲ್ಲಗೆ ಕೆಳಗಿಳಿಯಿತು. ಗೆದ್ದೆ ಅಂತ ಗೇರ್ ಹಾಕಿದೆ. ಭತ್ತ ತುಂಬಿದ ಎರಡು ಟ್ರ್ಯಾಕ್ಟರ್ ನನ್ನ ಬೆನ್ನಿಗೇ ಬಂದವು.

ಓಣಿಯ ನಡುವೆ ಶವಯಾತ್ರೆ ಎದುರಾಯಿತು. ಒಂದು ಕಡೆ ರೈಸ್ ಮಿಲ್ಲಿನ ಗೋಡೆ, ಇನ್ನೊಂದು ಕಡೆ ಗಟಾರು. ಹಿಂದೆ ಸರಿಯಲು ಟ್ರ್ಯಾಕ್ಟರ್ ಅಡ್ಡ. ಆ ಊರಲ್ಲಿ ಹೆಗಲೇರಿದ ಹೆಣವನ್ನು ಹಿಂದಕ್ಕೆ ತಿರುಗಿಸುವುದಿಲ್ಲ, ನಡುದಾರಿಯಲ್ಲಿ ಇಳಿಸುವುದೂ ಇಲ್ಲ. ಹೊತ್ತವರು ನಿಂತೇ ಇದ್ದರು. ಭಜನೆ ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು.

ಹೊತ್ತವರಲ್ಲಿ ಒಬ್ಬ ಮುದುಕ. ಅವನ ಕಾಲು ನಡುಗತೊಡಗಿತು. ಕೊನೆಗೆ ಇಳಿಸಿದರು, ನನ್ನ ಕಾರಿನ ಮುಂದೆ, ಟಾರಿನ ಮೇಲೆ. ಹೆಂಗಸರು ಗೋಳೋ ಅಂದರು.

ವಾಲಿಕಾರ ಓಡಿ ಬಂದು ಆ ಹೆಣದ ಕಾಲು ಹಿಡಿದು ಕುಸಿದ.

"ಯವ್ವಾ, ನಡುದಾರ್ಯಾಗ ಇಳಿಸಿಬಿಟ್ರಲ್ಲವ್ವಾ ನಿನ್ನ!"

ಅವನ ತಾಯಿ.

"ಹೆಗಲು ಕೊಡಬೇಕಾದ ಮಗ ರೀ ಇವ," ಎಂದ ಮುದುಕ. "ಖಾಕಿ ಅಂಗಿ ಕಂಡ್ರ ಗಾಡಿ ನಿಂದರ್ತಾವು, ನಾ ಅಲ್ಲಿ ನಿಂದರ್ತೇನಿ, ನಮ್ಮವ್ವನ್ನ ಎಲ್ಲೂ ಇಳಸಬ್ಯಾಡ್ರಿ ಅಂತ ಹೇಳಿ ಹೋಗಿದ್ದ."

ಟ್ರ್ಯಾಕ್ಟರುಗಳನ್ನು ಹಿಂದೆ ಸರಿಸಿ ನನ್ನ ಕಾರಿಗೆ ದಾರಿ ಮಾಡಿದವನೂ ವಾಲಿಕಾರನೇ. ಮತ್ತೆ ಎತ್ತುವಾಗ ಒಂದು ಹೆಗಲು ಅವನದಾಯಿತು. ನಾನು ಕೈ ಮುಗಿದು, ತಪ್ಪಾಯಿತು ಎಂದೆ.

"ನಿಮ್ಮ ಮಾತು ಖರೇ ಐತ್ರಿ," ಎಂದ. "ನನಗ ಅಧಿಕಾರ ಇರಲಿಲ್ಲ."

(ಕೇಸು? ಅಂದು ಜಡ್ಜ್ ಸಾಹೇಬರು ರಜೆ.)

ಅಂದಿನಿಂದ ಊಟ ಸೇರುತ್ತಿಲ್ಲ. ನಿಮಗಲ್ಲದೆ ಯಾರಿಗೆ ಹೇಳಲಿ? ರಸ್ತೆ ತಡೆಯುವ ಅಧಿಕಾರ ಅವನಿಗಿರಲಿಲ್ಲ, ಒಪ್ಪಿದೆ. ಆ ಕೈ ಇಳಿಸುವ ಅಧಿಕಾರ ನನಗೆ ಯಾರು ಕೊಟ್ಟಿದ್ದರು?