ಬಾಣಂತಿಯ ನಿದ್ದೆ

ಗೆಳತಿಯರೇ, ಇವತ್ತು ಮಧ್ಯಾಹ್ನ ಎರಡಕ್ಕೆ ಭದ್ರಾವತಿಯ ಕಾರ್ಖಾನೆ ಸೈರನ್ ಕೂಗಿ ಎಚ್ಚರವಾಯಿತು. ಹುಟ್ಟಿದಾಗಿನಿಂದ ಕೇಳಿದ ಸದ್ದು, ಹಿಂದೆಂದೂ ನನ್ನನ್ನು ಎಬ್ಬಿಸಿರಲಿಲ್ಲ. ಶಿವಮೊಗ್ಗದ ಹಾಸ್ಟೆಲಿನಲ್ಲಿ ನೀವು ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸುತ್ತಿದ್ದ ಕುಂಭಕರ್ಣಿ ನಾನು. ಈಗ ಪಾಪು ಉಸಿರಾಡುತ್ತಿದೆಯೇ ಎಂದು ನೋಡುತ್ತಲೇ ಬೆಳಗಾಗುತ್ತದೆ.

ಕಿವಿಯ ಹತ್ತಿ ತೆಗೆದೆ. ಹಜಾರದಲ್ಲಿ ಅಮ್ಮ ಫೋನು ಹಿಡಿದು, ನನ್ನನ್ನು ಕೇಳಿದ ನಿಮ್ಮಲ್ಲೊಬ್ಬಳಿಗೆ ಹೇಳುತ್ತಿದ್ದಳು: “ಶೈಲಾನಾ? ಬಾಣಂತಿ ಅಲ್ವೇನಮ್ಮ, ಗಡದ್ದಾಗಿ ಮಲಗಿದಾಳೆ. ದಿನಾ ಹಿಂಗೇ.”

ನಾನು ಎದ್ದು ಹೋಗುವಷ್ಟರಲ್ಲಿ ಇಟ್ಟೇಬಿಟ್ಟಳು.

“ಯಾಕಮ್ಮ ಸುಳ್ಳು ಹೇಳ್ತೀಯ? ಅವಳ ಹತ್ರ ನಾಲ್ಕು ಮಾತಾಡಿದ್ರೆ ಹಗುರ ಆಗ್ತಿತ್ತು.”

“ಸುಮ್ನಿರೇ ಮಾರಾಯ್ತಿ. ನಿದ್ದೆ ಇಲ್ಲ, ಅಳು ಬರುತ್ತೆ ಅಂತ ನೀನು ಶುರು ಮಾಡಿದ್ರೆ, ತವರಲ್ಲಿ ಬಾಣಂತನ ಸರಿಯಾಗಿ ಮಾಡಿಲ್ಲ ಅಂತಾರೆ ಜನ,” ಎಂದು ಹತ್ತಿಯನ್ನು ಮತ್ತೆ ತುರುಕಿದಳು.

ಅಮ್ಮನ ಮರ್ಯಾದೆ ನನ್ನ ನಿದ್ದೆಯಲ್ಲಿದೆಯೆಂದು ಗೊತ್ತಿರಲಿಲ್ಲ. ಅವಳು ಪಾಪುವಿಗೆ ನೀರು ಹಾಕುವ ಹೊತ್ತಿನಲ್ಲಿ, ಅಣ್ಣನ ಕಂಪ್ಯೂಟರಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ರಾತ್ರಿ ಹೀಗೇ ಕಳೆಯಲು ಭಯ. ದಮ್ಮಯ್ಯ, ಬೆಳಗಾಗುವುದರೊಳಗೆ ಯಾರಾದರೂ ಫೋನ್ ಮಾಡಿ. ಮಲಗಿದ್ದಾಳೆ ಎಂದರೆ ಇಡಬೇಡಿ, ಎಬ್ಬಿಸಿ ಅನ್ನಿ.